ಜೆನ್‌ಗೆ ಜಾಗ ಯಾಕಿಲ್ಲ? ಹಳೆ ಕಾರು ಪ್ರಿಯರ ನಡುವೆ ‘ಹೊಸ’ ಕಾರುಗಳ ಪ್ರಶ್ನೆ

2012ರಲ್ಲಿ ತಯಾರಾದ ಒಂದು ಅಂಬಾಸಿಡರ್ 1800 ಪೆಟ್ರೋಲ್ ಕಾರು, 1996ರಲ್ಲಿ ತಯಾರಾದ ಒಂದು ಮಾರುತಿ ಜೆನ್. ಹಳೆ ಕಾರುಗಳನ್ನು ಇಷ್ಟಪಡುವವರು ಸೇರುವ ಕಡೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಅಂಬಾಸಿಡರ್ ಸುತ್ತ ಜನ ಸೇರುತ್ತಾರೆ, ಬಾನೆಟ್ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಜೆನ್ ನೋಡಿದವರಲ್ಲಿ ಒಬ್ಬರಾದರೂ ಕೇಳೇ ಕೇಳುತ್ತಾರೆ: “ಇದೆಂಥ ಕ್ಲಾಸಿಕ್ ಮಾರಾಯ? ಮೊನ್ನೆ ಮೊನ್ನೆವರೆಗೂ ರೋಡಲ್ಲಿ ಓಡಾಡ್ತಿತ್ತಲ್ಲ!”

ಈ ಎರಡರಲ್ಲಿ 16 ವರ್ಷ ಹಳೆಯದು ಜೆನ್. ಆದರೆ ಯಾರೂ ಅಂಬಾಸಿಡರ್‌ನ ಆರ್‌ಸಿ ಕೇಳುವುದಿಲ್ಲ. ಅದರ ಆಕಾರವೇ ಅದರ ಪಾಸು. 1957-58ರ ಹೊತ್ತಿಗೆ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ತಯಾರಾಗಲು ಶುರುವಾದ ಅಂಬಾಸಿಡರ್, 2014ರ ಮೇನಲ್ಲಿ ನಿಲ್ಲುವವರೆಗೂ ಹೊರಗಿನ ರೂಪದಲ್ಲಿ ಜಾಸ್ತಿ ಬದಲಾಗಲೇ ಇಲ್ಲ. ಹಾಗಾಗಿ ಅದನ್ನು ಎಲ್ಲೇ ನಿಲ್ಲಿಸಿದರೂ ಹಳೆಯದಾಗಿಯೇ ಕಾಣುತ್ತದೆ.

ಶಿವಮೊಗ್ಗದಲ್ಲಿ, ಮಲೆನಾಡಿನ ಬೇರೆ ಊರುಗಳಲ್ಲಿ ಹಳೆ ಗಾಡಿ ಇಟ್ಟುಕೊಂಡವರ ನಡುವೆ ಈ ಮಾತು ಬಂದಾಗಲೆಲ್ಲ ಚರ್ಚೆ ಬಿಸಿಯಾಗುತ್ತದೆ. ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್, ಹಳೆ ಜೀಪು ಇವೆಲ್ಲ ಸರಿ. ಜೆನ್, ಎಸ್ಟೀಮ್, ಕ್ವಾಲಿಸ್, ಮಟೀಜ್ ತಂದವರನ್ನು ಏನು ಮಾಡುವುದು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅವರನ್ನು ಒಳಗೆ ಕರೆಯಬೇಕು, ಅದೂ ಈಗಲೇ. ಇನ್ನು 20 ವರ್ಷ ಕಾದರೆ ಕರೆಯಲು ಆ ಕಾರುಗಳೇ ಉಳಿದಿರುವುದಿಲ್ಲ. ನಮ್ಮ ಕಡೆಯ ಮಳೆಗೆ ಅಷ್ಟು ಕಾಯುವ ತಾಳ್ಮೆ ಇಲ್ಲ.

ವಯಸ್ಸಿನ ಗೆರೆ ಎಳೆದವರು ಯಾರು?

‘ವಿಂಟೇಜ್’ ಅಂದರೆ ಇಷ್ಟೇ ವರ್ಷ ಎಂದು ಜಗತ್ತಿನಲ್ಲಿ ಎಲ್ಲರೂ ಒಪ್ಪಿದ ಒಂದು ಲೆಕ್ಕ ಇಲ್ಲ. ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರಬೇಕು. ಚಾಸಿ (ಗಾಡಿಯ ಅಡಿ ಚೌಕಟ್ಟು), ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲಿರಬೇಕು. ಹೊಸದಾಗಿ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಲು 20,000 ರೂಪಾಯಿ, 10 ವರ್ಷದ ನಂತರ ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಹಳೆ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ 30 ವರ್ಷ ಸಾಕು ಎನ್ನುತ್ತದೆ. ಜೊತೆಗೆ ಆ ಗಾಡಿ ತನ್ನ ಕಾಲದ ರೂಪದಲ್ಲಿರಬೇಕು, ದಿನದ ಬಳಕೆಯದ್ದಾಗಿರಬಾರದು. ಜರ್ಮನಿಯಲ್ಲೂ ಹಳೆ ಕಾರಿನ ವಿಶೇಷ ನಂಬರ್ ಪ್ಲೇಟ್ ಸಿಗುವುದು 30 ವರ್ಷಕ್ಕೆ. ಇಂಗ್ಲೆಂಡಿನಲ್ಲಿ ರಸ್ತೆ ತೆರಿಗೆ ಮಾಫಿ ಆಗುವುದು 40 ವರ್ಷಕ್ಕೆ.

ನಮ್ಮ 50ರ ಲೆಕ್ಕದಲ್ಲಿ ಏನಾಗುತ್ತದೆ ನೋಡಿ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800 ವಿಂಟೇಜ್ ಆಗುವುದು 2033ಕ್ಕೆ. 1993ರ ಜೆನ್ 2043ಕ್ಕೆ. ಬಿಡದಿಯಲ್ಲಿ ತಯಾರಾಗಿ 2000ದಲ್ಲಿ ಬಂದ ಟೊಯೊಟಾ ಕ್ವಾಲಿಸ್ 2050ಕ್ಕೆ. ಕೊನೆಯ ಅಂಬಾಸಿಡರ್‌ಗಳಿಗೆ 2064ರವರೆಗೂ ಕಾಯಬೇಕು.

ಹೊರದೇಶಗಳಲ್ಲಿ ಈ ಹವ್ಯಾಸ ಹೇಗೆ ಶುರುವಾಯಿತು ಎಂದು ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ಇಂಗ್ಲೆಂಡಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ ಹುಟ್ಟಿದ್ದು 1934ರಲ್ಲಿ. ಅವರು ‘ವಿಂಟೇಜ್’ ಎಂದು ಒಪ್ಪುವುದು 1930ರ ಕೊನೆಯೊಳಗೆ ತಯಾರಾದ ಕಾರುಗಳನ್ನು. ಅಂದರೆ ಕ್ಲಬ್ ಶುರುವಾದಾಗ ಅವರ ಪೈಕಿ ಕೆಲವು ಕಾರುಗಳಿಗೆ ಬರೀ ನಾಲ್ಕೈದು ವರ್ಷ! ಇವತ್ತು ಕೋಟಿಗಟ್ಟಲೆ ಬೆಲೆ ಬಾಳುವ ಎಷ್ಟೋ ಕಾರುಗಳು ಆಗ ಸೆಕೆಂಡ್ ಹ್ಯಾಂಡ್ ಗಾಡಿಗಳು. ಇಂಥ ಕಾರು ಇನ್ನು ಮುಂದೆ ತಯಾರಾಗುವುದಿಲ್ಲ ಎಂದು ಕೆಲವರಿಗೆ ಆಗಲೇ ಅನ್ನಿಸಿತು, ಇಟ್ಟುಕೊಂಡರು. ಲಂಡನ್ನಿಂದ ಬ್ರೈಟನ್‌ಗೆ ಹೋಗುವ ಪ್ರಸಿದ್ಧ ಹಳೆ ಕಾರು ಓಟ 1927ರಲ್ಲಿ ಶುರುವಾದಾಗಲೂ ಅದರಲ್ಲಿ ಓಡಿದ್ದು 25 ವರ್ಷದ ಆಸುಪಾಸಿನ ಗಾಡಿಗಳು. 50 ವರ್ಷ ತುಂಬಲಿ, ಆಮೇಲೆ ನೋಡೋಣ ಎಂದು ಅವರು ಕೂತಿದ್ದರೆ ಇವತ್ತು ತೋರಿಸಲು ಅಲ್ಲಿ ಎಷ್ಟು ಉಳಿದಿರುತ್ತಿತ್ತು?

20ರಿಂದ 50: ಗಾಡಿಗಳು ಸಾಯುವ ವಯಸ್ಸು

ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದು. ಖಾಸಗಿ ಕಾರಿನ ರಿಜಿಸ್ಟ್ರೇಷನ್ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎನ್ನುವ ಪ್ರಮಾಣಪತ್ರ) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ಗೆ ಮೊದಲು ಕಾರಿನ ನವೀಕರಣಕ್ಕೆ 600 ರೂಪಾಯಿ ಇತ್ತು, ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದರು. ಇದರ ಮೇಲೆ ಹಸಿರು ತೆರಿಗೆ ಬೇರೆ. ಇನ್ಶೂರೆನ್ಸ್ ಕೇಳಲು ಹೋದರೆ ಬಹಳ ಕಡೆ ಥರ್ಡ್ ಪಾರ್ಟಿ ಮಾತ್ರ ಕೊಡುತ್ತಾರೆ. ಗಾಡಿಗೆ ಬೆಲೆಯೇ ಇಲ್ಲ ಎನ್ನುವ ಲೆಕ್ಕ ಅವರದ್ದು.

ಇನ್ನೊಂದು ಕಡೆ ಗುಜರಿ ನೀತಿ ಇದೆ. ಹಳೆ ಗಾಡಿಯನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿ ಗುಜರಿಗೆ ಕೊಟ್ಟು ಪ್ರಮಾಣಪತ್ರ ತಂದರೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ 25%ವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಹೊಗೆ ಕಡಿಮೆಯಾಗಬೇಕು ಎನ್ನುವ ಉದ್ದೇಶ ಸರಿಯೇ. ದಿನಾ ನೂರಾರು ಕಿಲೋಮೀಟರ್ ಓಡುವ ಹಳೆ ಲಾರಿ, ಟೆಂಪೊಗಳ ವಿಷಯದಲ್ಲಿ ನನಗೂ ಅದೇ ಅಭಿಪ್ರಾಯ. ಆದರೆ ತಿಂಗಳಿಗೆ ಒಂದೆರಡು ಸಲ ಶೆಡ್ಡಿನಿಂದ ಹೊರಬರುವ ಎಸ್ಟೀಮ್‌ಗೂ ಅದೇ ತಕ್ಕಡಿ ಹಿಡಿದರೆ ಹೇಗೆ?

ಒಟ್ಟು ಚಿತ್ರ ಹೀಗಿದೆ. 20 ವರ್ಷಕ್ಕೆ ಸರ್ಕಾರ “ಇದನ್ನು ಬಿಡು” ಎನ್ನುತ್ತದೆ. 50 ವರ್ಷಕ್ಕೆ “ಇದು ಪರಂಪರೆ, ಕಾಪಾಡು” ಎನ್ನುತ್ತದೆ. ನಡುವಿನ 30 ವರ್ಷ ಆ ಗಾಡಿಗೆ ಯಾವ ಹೆಸರೂ ಇಲ್ಲ, ಯಾವ ರಕ್ಷಣೆಯೂ ಇಲ್ಲ. ಆ 30 ವರ್ಷ ಅದನ್ನು ದಾಟಿಸುವುದು ಮಾಲೀಕನ ಹಠ ಮತ್ತು ಅವನಿಗೆ ಜೊತೆಯಾಗಿ ನಿಲ್ಲುವ ನಾಲ್ಕು ಜನ. “ಇದು ಕ್ಲಾಸಿಕ್ ಅಲ್ಲ, ಆಚೆ ನಿಲ್ಲಿಸು” ಎಂದು ನಾವೇ ಹೇಳಿದರೆ, ಆ ಮನುಷ್ಯ ಮನೆಗೆ ಹೋಗಿ ಗುಜರಿಯವರ ನಂಬರು ಹುಡುಕುತ್ತಾನೆ. ಮನೆಯವರಂತೂ ಮೊದಲಿಂದಲೂ ಅದನ್ನೇ ಹೇಳುತ್ತಿರುತ್ತಾರೆ.

ಸರ್ಕಾರಿ ಗಾಡಿಗಳ ಕಥೆ ನೋಡಿದರೆ ಇದು ಎಷ್ಟು ಬೇಗ ಆಗುತ್ತದೆ ಎಂದು ಗೊತ್ತಾಗುತ್ತದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲ. ಅರಣ್ಯ ಇಲಾಖೆಯ ಜೀಪು, ಲೋಕೋಪಯೋಗಿ ಇಲಾಖೆಯ ಅಂಬಾಸಿಡರ್ ಇವೆಲ್ಲ ನಮ್ಮ ಕಡೆಯ ರಸ್ತೆಗಳ ಚರಿತ್ರೆಯೇ. ಶೆಟ್ಟಿಹಳ್ಳಿ ಕಾಡಿನ ದಾರಿಯಲ್ಲಿ, ಶರಾವತಿ ಯೋಜನೆಯ ಕಾಲೊನಿಗಳಲ್ಲಿ ಓಡಿದ ಗಾಡಿಗಳು. ಜಿಲ್ಲೆಗೆ ಒಂದನ್ನಾದರೂ ಉಳಿಸಿಕೊಂಡು ಎಲ್ಲಾದರೂ ನೆರಳಲ್ಲಿ ನಿಲ್ಲಿಸಬಹುದಿತ್ತು ಎಂದು ನನಗೆ ಈಗಲೂ ಸಂಕಟವಾಗುತ್ತದೆ.

ಮಳೆ ಯಾರನ್ನೂ ಬಿಡುವುದಿಲ್ಲ

ಒಣ ಹವೆ ಇರುವ ಊರಿನಲ್ಲಿ ಕಾರೊಂದನ್ನು ಶೆಡ್ಡಿನಲ್ಲಿ ಹತ್ತು ವರ್ಷ ಮರೆತುಬಿಟ್ಟರೂ ಏನೋ ಒಂದು ಉಳಿದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿಯ ಪಶ್ಚಿಮದ ಭಾಗಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒದ್ದೆ. ಮೂರು ತಿಂಗಳು ನಿಂತ ಕಾರಿನ ಸೀಟು, ಸ್ಟಿಯರಿಂಗ್ ಮೇಲೆಲ್ಲ ಬೂಸ್ಟು ಹಿಡಿಯುತ್ತದೆ. ಕ್ಲಚ್ ಪ್ಲೇಟು ಫ್ಲೈವೀಲ್‌ಗೆ ಅಂಟಿಕೊಳ್ಳುತ್ತದೆ. ಬ್ರೇಕ್ ಡ್ರಮ್ಮು ತುಕ್ಕಿನಿಂದ ಜಾಮ್ ಆಗುತ್ತದೆ. ಇಲಿ ವೈರು ಕಡಿಯುವುದಂತೂ ಅಡಿಕೆ ಒಣಗಿಸುವ ಮನೆಗಳಲ್ಲಿ ಹೊಸ ಸುದ್ದಿಯೇ ಅಲ್ಲ.

ಇದರಲ್ಲಿ ‘ಹೊಸ’ ಕಾರಿಗೇ ಪೆಟ್ಟು ಜಾಸ್ತಿ. ಕಾರಣ ಸರಳ. ಜೀಪಿಗೆ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಬಾಡಿ ತೂತು ಬಿದ್ದರೆ ಟಿಂಕರಿಂಗ್ ಮಾಡುವವರು ತಗಡು ಬಡಿದು ಹೊಸದೇ ಮಾಡಿಕೊಡುತ್ತಾರೆ, ಗಾಡಿಯ ಬೆನ್ನೆಲುಬಿಗೆ ಏನೂ ಆಗಿರುವುದಿಲ್ಲ. ಮಾರುತಿ 800, ಜೆನ್ ಇಂಥವಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅಂಬಾಸಿಡರ್, ಪದ್ಮಿನಿಯೂ ಹಾಗೆಯೇ, ಆದರೆ ಅವುಗಳ ತಗಡು ದಪ್ಪ. 800ರ ತೂಕ ಒಟ್ಟು 650 ಕೆ.ಜಿ. ಆಸುಪಾಸು. ಹಗುರ ಇದ್ದದ್ದಕ್ಕೇ ಆ ಪುಟ್ಟ 796 ಸಿಸಿ ಎಂಜಿನ್ ಅದನ್ನು ಅಷ್ಟು ಚುರುಕಾಗಿ ಎಳೆಯಿತು, ಪೆಟ್ರೋಲ್ ಉಳಿಸಿತು. ಅದೇ ತೆಳು ತಗಡು ಮಲೆನಾಡಿನ ಮಳೆಯಲ್ಲಿ ಫ್ಲೋರಿನಿಂದ, ಡೋರಿನ ಕೆಳಗಿನ ಅಂಚಿನಿಂದ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಿಂದ ಕರಗುತ್ತಾ ಬರುತ್ತದೆ. ಆ ಜಾಗ ಹೋಯಿತೆಂದರೆ ಕಾರು ಹೋದ ಹಾಗೆ. ಬಣ್ಣ ಬಳಿದು ಮುಚ್ಚಿದರೆ ಓಡಿಸುವವರ ಜೀವಕ್ಕೇ ಅಪಾಯ.

ಈಗ ಪೆಟ್ರೋಲೂ ಬದಲಾಗಿದೆ. 20% ಎಥೆನಾಲ್ ಸೇರಿದ ಇ20 ಪೆಟ್ರೋಲ್ ಎಲ್ಲ ಬಂಕುಗಳಲ್ಲೂ ಬಂದಿದೆ. ಅದನ್ನು ತಾಳುವ ರಬ್ಬರ್, ಪೈಪು ಹಾಕಿ ಕಾರು ಕಟ್ಟಲು ಶುರು ಮಾಡಿದ್ದು 2023ರ ಏಪ್ರಿಲ್‌ನಿಂದ ಈಚೆಗೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕ್ ಪೆಟ್ರೋಲಿನಲ್ಲಿ ನಿಂತ ಹಳೆ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಸೇರಿ ಒಳಗಿನಿಂದಲೇ ತುಕ್ಕು ಹಿಡಿಯಬಹುದು. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರ್ ಬಿಚ್ಚಿದರೆ ಬಿಳಿ ಪುಡಿ ಸಿಗುತ್ತದೆ. ಹಳೆ ರಬ್ಬರ್ ಪೈಪು ಉಬ್ಬುತ್ತದೆ, ಬಿರಿಯುತ್ತದೆ. ಇಂಥ ಕಡೆ ಬೆಂಕಿಯ ಭಯವೂ ಇರುತ್ತದೆ. ಆದ್ದರಿಂದ ಹಳೆ ಗಾಡಿ ಇಟ್ಟುಕೊಂಡವರು ಮೊದಲು ಪೈಪು ಬದಲಾಯಿಸಲಿ, ಪಾಲಿಶ್ ಆಮೇಲೆ.

ಉಳಿಸಲು ಯಾರೂ ಮುಂದೆ ಬರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ‘ಡಾಲ್ಫಿನ್’ ಎಂಬ ಎರಡು ಬಾಗಿಲಿನ ಪುಟ್ಟ ಕಾರು ಮಾಡಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಫೈಬರ್ ಗ್ಲಾಸ್ ಬಾಡಿ, ತುಕ್ಕು ಹಿಡಿಯುವ ಮಾತೇ ಇಲ್ಲ. ಮಲೆನಾಡಿಗೆ ಹೇಳಿ ಮಾಡಿಸಿದ ಬಾಡಿ ಅನ್ನಬಹುದು. ಮಾರುತಿ ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಆಗ ಅದು ‘ಹಳೆಯದಾದ ಹೊಸ ಕಾರು’, ಅಷ್ಟೇ. ಇಟ್ಟುಕೊಳ್ಳಬೇಕು ಎಂದು ಅನ್ನಿಸಿದವರು ತೀರಾ ಕಡಿಮೆ. ಕರ್ನಾಟಕದಲ್ಲೇ ಹುಟ್ಟಿದ ಆ ಕಾರನ್ನು ಇವತ್ತು ಒಂದು ಸಲ ಕಣ್ಣಾರೆ ನೋಡುವುದೇ ಕಷ್ಟ. ಇಂಗ್ಲೆಂಡಿನಲ್ಲಿ ಇಂಥ ಸಾಮಾನ್ಯ ಕಾರುಗಳಿಗೆಂದೇ 2014ರಿಂದ ಒಂದು ಮೇಳ ನಡೆಯುತ್ತಿದೆ. ದುಬಾರಿ ಕಾರುಗಳನ್ನು ಹೇಗೂ ಯಾರಾದರೂ ಉಳಿಸುತ್ತಾರೆ, ಮೇಷ್ಟ್ರು, ಗುಮಾಸ್ತರು ಓಡಿಸಿದ ಕಾರುಗಳೇ ಕಣ್ಮರೆಯಾಗುವುದು ಎಂದು ಅಲ್ಲಿನವರಿಗೆ ಅರ್ಥವಾಗಿದೆ. ಮಾರುತಿ 800 ಒಟ್ಟು 27 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ಹಾಗಿದ್ದೂ 1986ಕ್ಕೆ ಮೊದಲಿನ ಎಸ್‌ಎಸ್80 ಮಾದರಿ, ಮೂಲ ಬಣ್ಣ, ಮೂಲ ಬಂಪರ್ ಇರುವುದು ಸಿಕ್ಕರೆ ಇವತ್ತು ಸುದ್ದಿಯೇ.

ಹಿರಿಯರ ಆಕ್ಷೇಪ ಸುಮ್ನೆ ಹುಟ್ಟಿದ್ದಲ್ಲ

‘ಹೊಸ’ ಕಾರು ಬೇಡ ಎನ್ನುವ ಹಿರಿಯರನ್ನು ಹಠಮಾರಿಗಳು ಎಂದು ತಳ್ಳಿಹಾಕಬಾರದು. ಅವರು ಆ ಗಾಡಿಗಳನ್ನು ಉಳಿಸಿದ್ದು ಯಾರೂ ಬೆಲೆ ಕೊಡದ ಕಾಲದಲ್ಲಿ. ಆಗ ಇಂಟರ್ನೆಟ್ ಇಲ್ಲ, ಕೊರಿಯರ್ ಇಲ್ಲ. ಒಂದು ವಿಂಡ್‌ಸ್ಕ್ರೀನ್ ರಬ್ಬರಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ರಾತ್ರಿ ಬಸ್ ಹತ್ತಿ ಹೋದವರು ಅವರು. ಆಗುಂಬೆ ಘಾಟಿಯ ತಿರುವುಗಳಲ್ಲಿ ಎಂಜಿನ್ ಕಾದರೆ ಪಕ್ಕಕ್ಕೆ ನಿಲ್ಲಿಸಿ, ರೇಡಿಯೇಟರ್ ಆರುವವರೆಗೂ ಕಾದು ನೀರು ಹಾಕಿ ಹತ್ತಿಸಿದವರು. ಅಂಥವರ ಪಕ್ಕ ಯಾರೋ ಒಬ್ಬ ಎಲ್‌ಇಡಿ ಪಟ್ಟಿ ಅಂಟಿಸಿ, ಸೈಲೆನ್ಸರ್ ಕಿತ್ತು ಸದ್ದು ಮಾಡುತ್ತಾ ಬಂದು ನಿಂತರೆ ಬೇಸರ ಆಗುವುದು ಸಹಜ ಅಲ್ವಾ?

ಆ ಬೇಸರದ ಮೂಲ ಮಾರ್ಪಾಡು. ಅದಕ್ಕೆ ಕಾರಿನ ವಯಸ್ಸನ್ನು ಹೊಣೆ ಮಾಡುವುದು ಸರಿಯಲ್ಲ. ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಫ್ಯಾಕ್ಟರಿಯಿಂದ ಬಂದ ಹಾಗೆಯೇ ಇರುವ 1998ರ ಸ್ಯಾಂಟ್ರೊ, ಅಲಾಯ್ ವೀಲು ಮತ್ತು ಡಿಸ್ಕೊ ಲೈಟು ಹಾಕಿದ 1970ರ ಪದ್ಮಿನಿ ಎರಡೂ ಬಂದರೆ ನಾನು ಮೊದಲ ಸಾಲಿನ ಜಾಗ ಸ್ಯಾಂಟ್ರೊಗೆ ಕೊಡುತ್ತೇನೆ.

ಇಲ್ಲಿ ಜೀಪಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಮಲೆನಾಡಿನಲ್ಲಿ ಪೂರ್ತಿ ಮೂಲ ಸ್ಥಿತಿಯ ಜೀಪು ಸಿಗುವುದೇ ಅಪರೂಪ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದಾರೆ, ಮಳೆಗೆ ತಗಡಿನ ಟಾಪು ಕಟ್ಟಿಸಿದ್ದಾರೆ, ಅಡಿಕೆ ಮೂಟೆ, ಗೊಬ್ಬರ ತುಂಬಲು ಹಿಂದೆ ಉದ್ದ ಮಾಡಿಸಿದ್ದಾರೆ. ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿ ಹತ್ತುವ ಜೀಪುಗಳನ್ನು ನೋಡಿದರೆ ಗೊತ್ತಾಗುತ್ತದೆ, ಒಂದರ ಹಾಗೆ ಇನ್ನೊಂದಿಲ್ಲ. ಇವನ್ನು ಮಾರ್ಪಾಡು ಎಂದು ಹೊರಗಿಡಬೇಕಾ? ನನ್ನ ಪ್ರಕಾರ ಬೇಡ. 40 ವರ್ಷದ ಹಿಂದೆ ತೋಟದ ಕೆಲಸಕ್ಕೆಂದು ಮಾಡಿದ ಬದಲಾವಣೆ ಈ ಊರಿನ ಬದುಕಿನ ದಾಖಲೆ. ಆರ್‌ಸಿಯಲ್ಲಿ ನಮೂದಾಗಿರಬೇಕು, ಯಾವಾಗ, ಯಾಕೆ, ಯಾರ ಗ್ಯಾರೇಜಿನಲ್ಲಿ ಆಯಿತು ಎನ್ನುವುದನ್ನು ಬರೆದಿಟ್ಟಿರಬೇಕು. ಕಾನೂನಿನ ವಿಂಟೇಜ್ ಪಟ್ಟಿಗೆ ಅದು ಸೇರದೇ ಹೋಗಬಹುದು. ನಮ್ಮ ಸಾಲಿಗೆ ಸೇರಲಿ.

ಎಲೆಕ್ಟ್ರಾನಿಕ್ಸ್: ನಿಜವಾದ ತೊಡಕು ಇಲ್ಲಿದೆ

“ಹೊಸ ಕಾರಲ್ಲಿ ಎಲ್ಲಾ ಕಂಪ್ಯೂಟರು, ನಾವು ರಿಪೇರಿ ಮಾಡೋಕಾಗಲ್ಲ” ಎನ್ನುವುದು ಇನ್ನೊಂದು ವಾದ. ಇದರಲ್ಲಿ ಅರ್ಧ ನಿಜ ಇದೆ.

ಅರ್ಧ ಯಾಕೆ ಎಂದರೆ, ವರ್ಷ ನೋಡಿ ಇದನ್ನು ಹೇಳಲಾಗದು. ಮೊದಲು ಹೇಳಿದ 2012ರ ಅಂಬಾಸಿಡರ್ 1800 ಪೆಟ್ರೋಲಿನಲ್ಲಿ ಇಸುಜು ಮೂಲದ ಎಂಜಿನ್, ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಇದೆ. 1996ರ ಜೆನ್‌ನಲ್ಲಿ ಇರುವುದು ಕಾರ್ಬೊರೇಟರ್. ಎಲ್ಲರೂ ‘ಹಳೆಯದು’ ಎಂದು ಒಪ್ಪುವ ಕಾರಿನಲ್ಲಿ ಇಸಿಯು ಎಂಬ ಆ ಕಂಪ್ಯೂಟರ್ ಇದೆ, ‘ಹೊಸದು’ ಎಂದು ದೂರ ಇಟ್ಟ ಕಾರಿನಲ್ಲಿ ಇಲ್ಲ! ಕ್ವಾಲಿಸ್‌ನ 2.4 ಲೀಟರ್ ಡೀಸೆಲ್ ಎಂಜಿನ್ನಿನಲ್ಲೂ ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಪಂಪು, ನಾಝಲ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಅದನ್ನು ಕಿವಿಯಿಂದಲೇ ಸರಿ ಮಾಡಬಲ್ಲ. ಮದುವೆ ದಿಬ್ಬಣ, ಧರ್ಮಸ್ಥಳ, ಹೊರನಾಡು, ಸಿಗಂದೂರು ಎಂದು ಹತ್ತು ಜನರನ್ನು ತುಂಬಿಕೊಂಡು ಘಾಟಿ ಹತ್ತಿದ ಗಾಡಿ ಅದು. 2005ರಲ್ಲಿ ಇನ್ನೋವಾ ಬಂತೆಂದು ನಿಲ್ಲಿಸಿಬಿಟ್ಟರು. ನಮ್ಮ ಕಡೆಯ ಒಂದು ತಲೆಮಾರಿನ ಪ್ರವಾಸದ ನೆನಪು ಪೂರ್ತಿ ಅದರ ಹಿಂದಿನ ಸೀಟಿನಲ್ಲಿದೆ.

ಇನ್ನರ್ಧ ನಿಜ ಗಂಭೀರವಾದದ್ದು. ಅಂಬಾಸಿಡರ್, ಪದ್ಮಿನಿ, ಜೀಪು ಇವೆಲ್ಲಕ್ಕೂ ಏಳು ಇಂಚಿನ ಅದೇ ದುಂಡು ಹೆಡ್‌ಲೈಟು. ಒಂದರದ್ದು ಇನ್ನೊಂದಕ್ಕೆ ಕೂರುತ್ತದೆ. ಪಿನ್ನು, ಬುಶ್ಶು ಬೇಕಾದರೆ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನ ಕಡೆ ಲೇತಿನಲ್ಲಿ ಕಡೆಸಿಕೊಳ್ಳಬಹುದು. 90ರ ದಶಕದ ಕೊನೆಯ ಕಾರುಗಳ ಹೆಡ್‌ಲೈಟು ಆ ಒಂದೇ ಮಾದರಿಗೆ ಅಚ್ಚು ಹಾಕಿದ್ದು. ಪ್ಲಾಸ್ಟಿಕ್ ಹಳದಿಯಾಗಿ ಮಂಜಾಗುತ್ತದೆ, ಒಡೆದರೆ ಲೇತಿನಲ್ಲಿ ಹುಟ್ಟುವುದಿಲ್ಲ. ಇಸಿಯು ಒಳಗಿನ ಕೆಪಾಸಿಟರ್ ಕೆಟ್ಟರೆ, ತೇವಕ್ಕೆ ಕನೆಕ್ಟರ್ ಹಸಿರುಗಟ್ಟಿದರೆ, ಇಮೊಬಿಲೈಸರ್ ಕೀ (ಒಳಗಿನ ಚಿಪ್ ಗುರುತಿಸಿದರೆ ಮಾತ್ರ ಎಂಜಿನ್ ಶುರುವಾಗುವ ಕೀ) ಕಳೆದರೆ ಗಾಡಿ ಚೆನ್ನಾಗಿದ್ದೂ ನಿಂತುಬಿಡುತ್ತದೆ. ಕಂಪನಿ ದೇಶ ಬಿಟ್ಟು ಹೋಗಿದ್ದರಂತೂ ಕೇಳುವುದೇ ಬೇಡ. ದೇವೂ ಸಿಯೆಲೊ, ಓಪೆಲ್ ಆಸ್ಟ್ರಾ ಇಟ್ಟುಕೊಂಡವರ ಪಾಡು ಅದೇ.

ಬೆಂಗಳೂರಿನಲ್ಲಿ ಹುಟ್ಟಿದ ರೇವಾ ಇದಕ್ಕೆ ದೊಡ್ಡ ಸಾಕ್ಷಿ. 2001ರಲ್ಲಿ ಮಾರುಕಟ್ಟೆಗೆ ಬಂದ ಎಲೆಕ್ಟ್ರಿಕ್ ಕಾರು. ಲೆಡ್ ಆಸಿಡ್ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್. ಲಂಡನ್ನಿನ ರಸ್ತೆಗಳಲ್ಲೂ ಜಿ-ವಿಜ್ ಹೆಸರಲ್ಲಿ ಓಡಿತು. ಇವತ್ತು ಶಿವಮೊಗ್ಗದ ಬೀದಿಯಲ್ಲೂ ಎಲೆಕ್ಟ್ರಿಕ್ ಕಾರು ಸಾಮಾನ್ಯವಾಗಿರುವಾಗ, ಅದರ ಮೊದಲ ಹೆಜ್ಜೆಗಳಲ್ಲಿ ಒಂದು ಕರ್ನಾಟಕದ್ದು ಎನ್ನುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ರೇವಾ ಯಾವ ಆಮದು ಕಾರಿಗೂ ಕಡಿಮೆಯಿಲ್ಲದ ಪರಂಪರೆ. ಆದರೆ ಅದನ್ನು ಉಳಿಸಲು ಬೇಕಾದ ವಿದ್ಯೆ ಕಾರ್ಬೊರೇಟರ್ ವಿದ್ಯೆ ಅಲ್ಲ. ಕಂಟ್ರೋಲರ್ ಬೋರ್ಡು ಓದಲು ಬರುವ, ಬೆಸುಗೆ ಹಾಕಲು ಬರುವ ಹುಡುಗರು ಬೇಕು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐ ಎಲ್ಲ ಇವೆ. ಆ ಮಕ್ಕಳು ನಮ್ಮ ನಡುವೆ ಬರುವುದು ಯಾವುದರ ಮೇಲಿನ ಪ್ರೀತಿಯಿಂದ? ಅವರ ಅಪ್ಪ ಓಡಿಸಿದ ಎಸ್ಟೀಮ್, ಇಂಡಿಕಾ, ಐಕಾನ್ ಮೇಲಿನ ಪ್ರೀತಿಯಿಂದ. ಆ ಕಾರನ್ನು ಗೇಟಿನಲ್ಲೇ ನಿಲ್ಲಿಸಿದರೆ ಆ ವಿದ್ಯೆಯನ್ನೂ ಅಲ್ಲೇ ನಿಲ್ಲಿಸಿದಂತೆ. ಇನ್ನು ಹದಿನೈದು ವರ್ಷಕ್ಕೆ ಅಂಬಾಸಿಡರ್ ನೋಡಿಕೊಳ್ಳಲು ಯಾರಿರುತ್ತಾರೆ ಎನ್ನುವ ಪ್ರಶ್ನೆಗೂ ಉತ್ತರ ಅವರಲ್ಲೇ ಇದೆ.

ಬೈಕುಗಳವರು ಇದನ್ನು ಆಗಲೇ ದಾಟಿದ್ದಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿ ಪ್ರಿಯರು ಕೊನೆಯ ವರ್ಷಗಳ ಗಾಡಿಗಳನ್ನೂ ತಮ್ಮವೆಂದೇ ನೋಡಿಕೊಂಡರು. ಆರ್‌ಎಕ್ಸ್ 100 ಕೂಡ ಅಷ್ಟೇ, 1996ರವರೆಗೂ ತಯಾರಾದ ಬೈಕು. ಅದನ್ನು ಇವತ್ತು ಯಾರೂ ‘ಮೊನ್ನೆಯದು’ ಎನ್ನುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ?

ಎಲ್ಲವನ್ನೂ ಬಿಟ್ಟುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಹಳೆ ಹೆಸರು ಹೊತ್ತು ಬಂದ ಹೊಸ ಗಾಡಿ ಈ ಸಾಲಿನದ್ದಲ್ಲ. 1991ರ ಟಾಟಾ ಸಿಯೆರಾ ಖಂಡಿತ ಬರಲಿ. ಕಡಿಮೆ ಮಾರಾಟವಾದ, ಆ ಕಾಲಕ್ಕೆ ಧೈರ್ಯದ ಕಾರು. 2025ರಲ್ಲಿ ಅದೇ ಹೆಸರಿನಲ್ಲಿ ಬಂದ ಸಿಯೆರಾ ಶೋರೂಮಿನಲ್ಲಿ ಚೆನ್ನಾಗಿದೆ. ಹೊಸ ಥಾರ್ ಕೂಡ ಹಾಗೆಯೇ. ಬೆಲೆ ನೋಡಿ ಹೊಸ ದುಬಾರಿ ಕಾರಿಗೆ ಮುಂದಿನ ಸಾಲು ಕೊಡುವುದು, ಬಡ ಮಟೀಜ್ ಅನ್ನು ಹೊರಗೆ ನಿಲ್ಲಿಸುವುದು ಇದೆಯಲ್ಲ, ಅದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಅಲ್ಲಿ ಹಳೆಯದರ ಪ್ರೀತಿಯೂ ಇಲ್ಲ, ಹೊಸದರ ತಿಳಿವಳಿಕೆಯೂ ಇಲ್ಲ.

20 ವರ್ಷ ದಾಟಿರಬೇಕು, ಆ ಮಾದರಿಯ ತಯಾರಿಕೆ ನಿಂತಿರಬೇಕು, ಕಂಪನಿ ಕೊಟ್ಟ ರೂಪದಲ್ಲಿರಬೇಕು ಅಥವಾ ಬದಲಾಗಿದ್ದರೆ ಅದಕ್ಕೊಂದು ಹಳೆಯ ಕಾರಣ ಇರಬೇಕು. ಇಷ್ಟಿದ್ದರೆ ಸಾಕು ಎಂದು ನನಗೆ ಅನ್ನಿಸುತ್ತದೆ. ‘ವಿಂಟೇಜ್’ ಎಂಬ ಹೆಸರನ್ನು 50 ದಾಟಿದ ಗಾಡಿಗಳಿಗೇ ಬಿಡೋಣ, ಅದು ಕಾನೂನಿನ ಮಾತು ಮತ್ತು ಹಿರಿಯರಿಗೆ ಸಲ್ಲುವ ಗೌರವ. ಇವಕ್ಕೆ ಬೇರೆ ಸಾಲು ಇರಲಿ, ಆದರೆ ಅದೇ ಮೈದಾನದಲ್ಲಿ, ಅದೇ ಮರದ ನೆರಳಲ್ಲಿ ಇರಲಿ. ಹಿರಿಯರು ಎಂಜಿನ್ ವಾಲ್ವಿನ ಟ್ಯಾಪೆಟ್ ಹೊಂದಿಸುವುದು ಹೇಗೆ ಎಂದು ಹುಡುಗರಿಗೆ ತೋರಿಸಲಿ, ಹುಡುಗರು ಹಿರಿಯರ ಅಂಬಾಸಿಡರಿಗೆ ಸ್ಕ್ಯಾನರ್ ಹಾಕಿ ತೋರಿಸಲಿ.

ನಿಮ್ಮ ಮನೆಯ ಶೆಡ್ಡಿನಲ್ಲಿ ಅಂಥದ್ದೊಂದು ಕಾರು ಇದ್ದರೆ ಮೊದಲು ಆರ್‌ಸಿ ತೆಗೆದು ದಿನಾಂಕ ನೋಡಿ. ಮುಗಿಯುವುದಕ್ಕೆ 60 ದಿನ ಇರುವಾಗಲೇ ಫಾರಂ 25 ತುಂಬಿ ನವೀಕರಣಕ್ಕೆ ಅರ್ಜಿ ಹಾಕಬಹುದು. ಎಫ್‌ಸಿಗೆ ಗಾಡಿ ಒಯ್ಯಬೇಕು, ಹಾಗಾಗಿ ಬ್ರೇಕು, ಲೈಟು, ಹೊಗೆ ಪರೀಕ್ಷೆ ಸರಿಯಿರಲಿ. ಫ್ಲೋರ್ ಮ್ಯಾಟ್ ಎತ್ತಿ ತಗಡಿನ ಮೇಲೆ ಕೈಯಾಡಿಸಿ, ಮೆತ್ತಗಿದ್ದರೆ ಈಗಲೇ ವೆಲ್ಡಿಂಗ್ ಮಾಡಿಸಿ, ಅಂಡರ್ ಕೋಟಿಂಗ್ ಹೊಡೆಸಿ. ಹಳೆ ಬಿಲ್ಲು, ಸರ್ವಿಸ್ ಬುಕ್ಕು, ಎರಡನೇ ಕೀ ಸಿಕ್ಕರೆ ಒಂದು ಡಬ್ಬಿಯಲ್ಲಿ ಹಾಕಿ ಒಣ ಜಾಗದಲ್ಲಿಡಿ. ಇವೆಲ್ಲ ಮೇ ತಿಂಗಳ ಒಳಗೆ ಮುಗಿಯಲಿ. ಜೂನ್ ಬಂದ ಮೇಲೆ ನಮ್ಮ ಕಡೆ ಪೇಂಟೂ ಒಣಗುವುದಿಲ್ಲ.